ಭಾವನ ಹೆಲ್ಮೆಟ್ಟು

ಭಾವನ ಹೆಲ್ಮೆಟ್ಟು ಬಾಮೈದನ ತಲೆಗೆ ದೊಡ್ಡದು. ಗಲ್ಲದ ಪಟ್ಟಿಯನ್ನು ಎಷ್ಟು ಬಿಗಿದರೂ ಮುಂದಕ್ಕೆ ಜಾರಿ ಹುಬ್ಬಿನ ಮೇಲೆ ಬಂದು ಕೂರುತ್ತಿತ್ತು. ಮೆಟ್ಟಿಲಿನ ತಿರುವಿನಲ್ಲಿ ನೀರಿನ ಪೈಪುಗಳಿಗೆ ಒರಗಿ ನಿಂತು ಅವನು ಮಾಸ್ಕನ್ನು ಮೂಗಿನ ಮೇಲಕ್ಕೆಳೆದುಕೊಂಡ, ಕಣ್ಣಿಗೆ ಕೆಲಸದ ಕನ್ನಡಕ ಹಾಕಿಕೊಂಡ. ಈಗ ಹೊರಗೆ ಕಾಣುತ್ತಿದ್ದದ್ದು ಹಳದಿ ಪಟ್ಟಿಯ ಹೆಲ್ಮೆಟ್ಟು ಮಾತ್ರ. ಒಳಗೆ ಯಾರಿದ್ದರೂ ನಡೆಯುತ್ತಿತ್ತು.

"ಕೆಮ್ಮೋದು ಮರೀಬೇಡ," ಎಂದು ಭಾವ ಪಿಸುಗುಟ್ಟಿದ. "ಮೇಡಂ ಏನು ಕೇಳಿದ್ರೂ ಬರೀ ಕೆಮ್ಮು. ಗಂಟಲು ಕೆಟ್ಟಿದೆ ಅಂತ ನಿನ್ನೇನೇ ಹೇಳಿಟ್ಟಿದ್ದೀನಿ."

"ಭಾವ, ಇವತ್ತೊಂದಿನ ಬೇಡ. ರಜಾ ಹಾಕ್ಬಿಡಿ."

"ಈಗೇನಾಗಿದೆ ನನಗೆ? ಮೆಟ್ಟಿಲು ಹತ್ತಿ ಬರ್ಲಿಲ್ವಾ? ಹೋಗು, ಹೋಗು."

ಮೆಟ್ಟಿಲು ಹತ್ತಿದ್ದೇನೋ ನಿಜ. ಆದರೆ ಉದ್ದಕ್ಕೂ ಕಂಬಿ ಹಿಡಿದುಕೊಂಡೇ ಹತ್ತಿದ್ದ. ಈ ಮನುಷ್ಯ ಹುಟ್ಟಿದಾಗಿನಿಂದ ಯಾವ ಮೆಟ್ಟಿಲಿನ ಕಂಬಿಯನ್ನೂ ಮುಟ್ಟಿದವನಲ್ಲ. ಬಾಮೈದ ಅದನ್ನು ನೋಡಿದ್ದ, ಆದರೂ ಬಾಯಿ ಮುಚ್ಚಿಕೊಂಡಿದ್ದ. ಅಕ್ಕನ ಗಂಡ, ಕೆಲಸ ಕಲಿಸಿದವನು, ಸಾಲದ್ದಕ್ಕೆ ಹಠಮಾರಿ. ಇಂಥವನ ಎದುರು ಬಾಯಿ ತೆರೆಯಲು ಬರೀ ಬಾಯಿ ಇದ್ದರೆ ಸಾಲದು.

ಇವರದ್ದು ಎತ್ತರದ ಕಟ್ಟಡಗಳ ಗಾಜು ತೊಳೆಯುವ ತಂಡ. ತಾರಸಿಯಿಂದ ಹಗ್ಗ ಇಳಿಬಿಟ್ಟು, ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದುಕೊಂಡು, ಗಾಜಿನ ಗೋಡೆಯುದ್ದಕ್ಕೂ ಸೋಪುನೀರು ಬಳಿದು ಒರೆಸುತ್ತ ಇಳಿಯಬೇಕು. ಒಬ್ಬೊಬ್ಬರಿಗೂ ಎರಡು ಹಗ್ಗ: ಕೂತು ಇಳಿಯುವುದಕ್ಕೆ ಕೆಲಸದ ಹಗ್ಗ, ಅದು ಕೈಕೊಟ್ಟರೆ ಹಿಡಿಯುವುದಕ್ಕೆ ಕಾವಲು ಹಗ್ಗ. ಈ ಇಬ್ಬರೂ ಅಕ್ಕಪಕ್ಕದ ಹಗ್ಗದವರು, ಒಂದೇ ಮನೆಯವರು. ಹಾಗಾಗಿ ಇಡೀ ತಂಡಕ್ಕೇ ಒಬ್ಬ ಭಾವ, ಇನ್ನೊಬ್ಬ ಬಾಮೈದ.

ಕೆಲವು ವಾರಗಳಿಂದ ಭಾವನಿಗೆ ತಲೆ ತಿರುಗುತ್ತಿತ್ತು. ಸುಮ್ಮನೆ ತಿರುಗುವುದಲ್ಲ, ಕತ್ತನ್ನು ಎಡಕ್ಕೆ ಹೊರಳಿಸಿದರೆ ಲೋಕವೇ ಗಿರ್ರನೆ ಸುತ್ತಿ ಮೈಮೇಲೆ ಬೀಳುತ್ತಿತ್ತು. ಒಂದು ಬೆಳಿಗ್ಗೆ ಅವನು ಬಚ್ಚಲ ಬಾಗಿಲನ್ನು ತಬ್ಬಿಕೊಂಡು ನಿಂತಿದ್ದನ್ನು ಬಾಮೈದ ಕಣ್ಣಾರೆ ಕಂಡ. ಮುಖದಲ್ಲಿ ರಕ್ತವೇ ಇರಲಿಲ್ಲ. "ನಿಮ್ಮಕ್ಕನಿಗೆ ಹೇಳಿದ್ರೆ ನನ್ನ ಮೇಲಾಣೆ" ಎಂದು ಅಲ್ಲೇ ಕೈಮೇಲೆ ಕೈ ಹಾಕಿಸಿಕೊಂಡಿದ್ದ. ಅಂದಿನಿಂದ ಬಾಮೈದನಿಗೆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಗ್ಗದ ಮೇಲಿರುವಾಗ ತನ್ನ ಗಾಜನ್ನು ನೋಡುವುದಕ್ಕಿಂತ ಹೆಚ್ಚಾಗಿ ಭಾವನ ಕತ್ತನ್ನೇ ನೋಡುತ್ತಿದ್ದ.

ಇಷ್ಟೆಲ್ಲ ಮುಚ್ಚಿಡುವ ಪಾಡು ಬಂದದ್ದೇ ಹೊಸ ಮ್ಯಾನೇಜರಿಂದ. ಹಳೆಯ ಮ್ಯಾನೇಜರ ಬಾಯಲ್ಲಿ ಇದ್ದದ್ದು ಒಂದೇ ಮಾತು, ಬೇಗ ಬೇಗ. ಅದಕ್ಕೇ ಅವನ ಹೆಸರು ಬೇಗಬೇಗಪ್ಪ. ಯಾರಿಗೆ ಜ್ವರ, ಯಾರ ಮನೆಯಲ್ಲಿ ಸಾವು, ಅವನಿಗೆ ಬೇಕಿರಲಿಲ್ಲ. ಅವನು ಹೋದ ಮೇಲೆ ಬಂದವಳು ಈ ಹೆಂಗಸು. ಬಂದ ದಿನವೇ ಒಬ್ಬೊಬ್ಬರನ್ನೂ ನಿಲ್ಲಿಸಿ "ತಿಂದ್ಯಾ?" ಎಂದು ಕೇಳಿದಳು. ಸಾಯಂಕಾಲದೊಳಗೆ ಆಕೆಗೆ ತಿಂದ್ಯಾ ಮೇಡಂ ಎಂಬ ಹೆಸರು ಬಿತ್ತು. ಅಷ್ಟಕ್ಕೇ ನಿಂತಿದ್ದರೆ ನಗಾಡಿಕೊಂಡು ಇದ್ದುಬಿಡಬಹುದಿತ್ತು. ತಾರಸಿಗೆ ಹೋಗುವ ಮುಂಚೆ ಪ್ರತಿಯೊಬ್ಬರೂ ಲಿಫ್ಟಿನ ಯಂತ್ರದ ಕೋಣೆಯಲ್ಲಿ ತನ್ನೆದುರು ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಲ್ಲಬೇಕು ಎಂದು ಕಟ್ಟಳೆ ಮಾಡಿದಳು. ವಾಲಿದವನು ಅವತ್ತಿಗೆ ಮನೆಗೆ. ಮತ್ತೊಮ್ಮೆ ವಾಲಿದರೆ ಹಗ್ಗ ಬಿಟ್ಟು ನೆಲದ ಕೆಲಸಕ್ಕೆ, ಅಂದರೆ ಕೆಳಗೆ ನಿಂತು ಬಕೆಟ್ಟು ತುಂಬಿಸಿಕೊಂಡು, ಹಗ್ಗದ ತುದಿ ಹಿಡಿದುಕೊಂಡು, ದಾರಿಹೋಕರನ್ನು "ಆ ಕಡೆ ಹೋಗಿ ಸ್ವಾಮಿ" ಅನ್ನುತ್ತ ಇರಬೇಕು. ಅಂಥವರನ್ನು ಹಗ್ಗದವರು ನೆಲಗಡಲೆ ಎಂದು ಚುಡಾಯಿಸುತ್ತಿದ್ದರು. ಆ ಹೆಸರಿಟ್ಟವನೇ ಭಾವ. ಅವನು ಆಗಲೇ ಒಮ್ಮೆ ವಾಲಿ ಮನೆಗೆ ಹೋಗಿ ಬಂದಿದ್ದ.

ಅವಳ ಇನ್ನೊಂದು ಕಟ್ಟಳೆಯಂತೂ ತಾರಸಿಯ ಮೇಸ್ತ್ರಿಗೆ ಮೈಯೆಲ್ಲ ಉರಿಯುವಂಥದ್ದು. ಹಗ್ಗವನ್ನು ಮೇಲೆ ಗಂಟು ಹಾಕಿ ಬಿಡುವ ಹಾಗಿಲ್ಲ. ಬೀಗವಿರುವ ಗಾಲಿಯೊಳಗಿಂದ ತೂರಿಸಿ, ಕಟ್ಟಡದ ಎತ್ತರದಷ್ಟೇ ಹಗ್ಗವನ್ನು ಹೆಚ್ಚಿಗೆ ತಾರಸಿಯಲ್ಲೇ ಸುರುಳಿ ಮಾಡಿಟ್ಟಿರಬೇಕು. ಗಾಲಿಯ ಬೀಗ ತೆಗೆದರೆ ಬಾವಿಗೆ ಕೊಡ ಇಳಿಸಿದ ಹಾಗೆ ಮೇಲಿನಿಂದಲೇ ಮನುಷ್ಯನನ್ನು ಇಳಿಸಬಹುದು. ಒಳ್ಳೆಯದೇ. ಆದರೆ ಎರಡರಷ್ಟು ಹಗ್ಗವನ್ನು ಹೊತ್ತು ತರುವವರು ಯಾರು? "ಮೇಡಂ ಹಗ್ಗ" ಎಂದು ಮೂಗು ಮುರಿಯುತ್ತ ಹೊರುತ್ತಿದ್ದರು.

"ಮ್ಯಾನೇಜರ್‌ಗೆ ಕರುಣೆ ಇರಬಾರದು ಕಣ್ರೋ," ಎಂದು ಮೇಸ್ತ್ರಿ ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತ ತೀರ್ಪು ಕೊಟ್ಟಿದ್ದ. "ಕರುಣೆ ಬಂತು ಅಂದ್ರೆ ಕೈ ನಡುಗುತ್ತೆ. ಕೈ ನಡುಗಿದ್ರೆ ಗಂಟು ಸಡಿಲ. ಬೇಗಬೇಗಪ್ಪ ಕಟುಕ, ಆದ್ರೆ ಅವನ ಹತ್ರ ಯಾವನೂ ಒಂದು ಸುಳ್ಳು ಹೇಳಿದ್ದಿಲ್ಲ. ಯಾಕೆ ಹೇಳು?"

"ಯಾಕೆ?"

"ಅವನು ಏನಾದ್ರೂ ಕೇಳಿದ್ರೆ ತಾನೇ ಸುಳ್ಳು ಹೇಳೋಕೆ!"

ಎಲ್ಲರೂ ನಕ್ಕಿದ್ದರು. ಭಾವ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಬಾಮೈದ ಮಾತ್ರ ತಲೆ ತಗ್ಗಿಸಿ ಡಬ್ಬಿಯ ಮುಚ್ಚಳ ಹುಡುಕತೊಡಗಿದ್ದ. ಮುಚ್ಚಳ ಡಬ್ಬಿಯ ಮೇಲೇ ಇತ್ತು.

ಈಗ ಆ ಕೋಣೆಯ ಬಾಗಿಲಿಗೆ ಅವನು ಎರಡನೆಯ ಸಲ ಬಂದು ನಿಂತಿದ್ದ. ಮೊದಲ ಸಲ ತನ್ನದೇ ಹೆಲ್ಮೆಟ್ಟಿನಲ್ಲಿ ಬಂದು, ಕಂಬದ ಹಾಗೆ ನಿಂತು, "ಚೆನ್ನಾಗಿದ್ದೀನಿ ಮೇಡಂ" ಎಂದು ಹೇಳಿ ತಾರಸಿಗೆ ದಾಟಿದ್ದ. ಮೇಸ್ತ್ರಿ ಬೆನ್ನು ತಿರುಗಿಸಿ ಗಾಲಿಗಳ ಮೇಲೆ ಬಗ್ಗಿದ್ದ. ಬಾಮೈದ ನೀರಿನ ಟ್ಯಾಂಕಿನ ಹಿಂದಿನ ಸಣ್ಣ ಮೆಟ್ಟಿಲಿಳಿದು ಭಾವನ ಬಳಿ ಬಂದಿದ್ದ. ಅವನು ಇತ್ತ ಭಾವನಾಗಿ ಪರೀಕ್ಷೆಗೆ ಹೋಗುವಾಗ ನಿಜವಾದ ಭಾವ ಅತ್ತ ಟ್ಯಾಂಕಿನ ಮೆಟ್ಟಿಲಿನಿಂದ ತಾರಸಿ ಸೇರುವುದು ಎಂದು ಏರ್ಪಾಟು. ಇಬ್ಬರದೂ ಒಂದೇ ಅಳತೆಯ ಮೈ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ. ಹಾವಿನ ಹಲ್ಲು ಯಾರ ಕಾಲಿನ ಹತ್ತಿರ ಇದೆ ಎಂದು ಮಾತ್ರ ಇಬ್ಬರೂ ಯೋಚಿಸಲಿಲ್ಲ.

"ಬನ್ನಿ ಯಜಮಾನ್ರೇ," ಎಂದಳು ಮೇಡಂ. ತಂಡದ ಹಿರಿಯನ ಗುರುತಾದ ಹಳದಿ ಪಟ್ಟಿಯ ಹೆಲ್ಮೆಟ್ಟಿಗೆ ಆಕೆ ಕೊಡುತ್ತಿದ್ದ ಮರ್ಯಾದೆ ಅದು. "ತಿಂದ್ರಾ?"

ಬಾಮೈದ ತಲೆಯಾಡಿಸಿ ಕೆಮ್ಮಿದ.

"ಗಂಟಲು ಇನ್ನೂ ಬಿಟ್ಟಿಲ್ವಾ? ಸರಿ, ಮಾತಾಡ್ಬೇಡಿ. ನಿಲ್ಲಿ."

ಅವನು ಕಣ್ಣು ಮುಚ್ಚಿ ಒಂದು ಕಾಲೆತ್ತಿದ. ಗೋಡೆಯಾಚೆ ಲಿಫ್ಟಿನ ಯಂತ್ರ ಗುಂಯ್‌ಗುಡುತ್ತಿತ್ತು. ವಾಲಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಬೇಕೆಂದೇ ವಾಲಿದರೆ ಭಾವ ಬದುಕಿದ. ಆದರೆ ಆಮೇಲೆ ಮನೆಯಲ್ಲಿ ಒಂದೇ ಚಾಪೆಯ ಮೇಲೆ ಎದುರುಬದುರು ಕೂತು ಉಣ್ಣಬೇಕಲ್ಲ. ಅವನ ಕಾಲು ಅಲುಗಲಿಲ್ಲ.

ಆಗ ಹಣೆಯ ಮೇಲೆ ತಣ್ಣಗೆ ಏನೋ ತಾಗಿ ಅವನು ಬೆಚ್ಚಿಬಿದ್ದ. ಮೇಡಂ ಹೆಲ್ಮೆಟ್ಟನ್ನು ಎರಡು ಬೆರಳಿನಿಂದ ಮೇಲೆತ್ತಿ ಮುಂಗೈಯನ್ನು ಹಣೆಗೆ ಹಚ್ಚಿದ್ದಳು. ಅಮ್ಮ ಸತ್ತ ಮೇಲೆ ಅವನ ಹಣೆಯನ್ನು ಹಾಗೆ ಮುಟ್ಟಿದವರು ಅಕ್ಕ ಒಬ್ಬಳೇ.

"ಜ್ವರ ಇಲ್ಲ. ಆದ್ರೆ ಬೆವರ್ತಿದ್ದೀರಿ. ಹೆದರಿಕೆನಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಇದ್ರೂ ಪರವಾಗಿಲ್ಲ. ನನಗೂ ದಿನಾ ಇರುತ್ತೆ. ನೀವೆಲ್ಲ ಕೆಳಗೆ ಮುಟ್ಟೋ ತನಕ ನನಗೆ ನೀರೂ ಇಳಿಯಲ್ಲ," ಎಂದಳು ಆಕೆ. "ಹುಷಾರಾಗಿ ಹೋಗ್ಬನ್ನಿ."

ಆ ಹೊತ್ತಿನಲ್ಲಿ ಮಾಸ್ಕು ಕೆಳಗೆಳೆದಿದ್ದರೆ ಮುಗಿದಿತ್ತು. ಇನ್ನೊಬ್ಬನಿಗೆಂದು ಬಂದ ಅಕ್ಕರೆಯನ್ನು ಕದ್ದು ಇಟ್ಟುಕೊಂಡವನಂತೆ ಅವನು ತಲೆ ತಗ್ಗಿಸಿ ಬಾಗಿಲು ದಾಟಿದ. ಟ್ಯಾಂಕಿನ ಮರೆಯಲ್ಲಿ ಹೆಲ್ಮೆಟ್ಟುಗಳು ಮತ್ತೆ ಅದಲುಬದಲಾದವು. "ಭೇಷ್!" ಎಂದು ಭಾವ ಅವನ ಬೆನ್ನು ತಟ್ಟಿದ.

ಇಬ್ಬರೂ ತಾರಸಿಯ ಕಟ್ಟೆ ದಾಟಿ ಹಗ್ಗಕ್ಕೆ ಬಿದ್ದರು. ಭಾವನ ಬಕೆಟ್ಟನ್ನು ಬಾಮೈದನೇ ಬಲಗಡೆಗೆ ಸಿಕ್ಕಿಸಿಕೊಟ್ಟ. ಬಾಮೈದನ ಹಗ್ಗವೂ ಭಾವನ ಬಲಕ್ಕೇ. ಎಡಕ್ಕೆ ತಿರುಗುವ ಪ್ರಸಂಗವೇ ಬರಬಾರದು ಎಂದು ಅವನು ರಾತ್ರಿಯೆಲ್ಲ ಲೆಕ್ಕ ಹಾಕಿದ್ದ. ಕೆಳಗೆ ರಸ್ತೆಯಲ್ಲಿ ಕಾರುಗಳು ಬೆಂಕಿಪೆಟ್ಟಿಗೆಯಷ್ಟು ಕಾಣುತ್ತಿದ್ದವು. ಗಾಳಿ ಹಿತವಾಗಿತ್ತು. ಭಾವ ಸೋಪು ಬಳಿಯುವ ವೈಖರಿ ನೋಡುವ ಹಾಗಿತ್ತು, ತೋಳು ಒಂದು ಸಲ ಆಡಿದರೆ ಅರ್ಧ ಗಾಜು ಮುಗಿಯುತ್ತಿತ್ತು. ಒಂದಷ್ಟು ಅಂತಸ್ತು ಇಳಿಯುವ ಹೊತ್ತಿಗೆ ಅವನು ಸಿಳ್ಳೆ ಹಾಕತೊಡಗಿದ.

"ನೋಡಿದ್ಯೇನೋ? ಸುಮ್ನೆ ಹೆಂಗಸಿನ ಥರ ಹೆದರ್ತಿದ್ದೆ."

ಬಾಮೈದ ನಗಲು ನೋಡಿದ. ಕೆನ್ನೆ ಕಲ್ಲಾಗಿತ್ತು.

ಮುಂದಿನದು ನಡೆದದ್ದು ಒಂದು ನಮಸ್ಕಾರದಿಂದ. ಒಳಗಡೆ ಕಚೇರಿಯೊಂದರಲ್ಲಿ ಕಿಟಕಿಗಿಟ್ಟ ಗಿಡಕ್ಕೆ ನೀರು ಹಾಕುತ್ತಿದ್ದ ಹೆಂಗಸು ಇವರನ್ನು ಕಂಡು ಸಂತೋಷದಿಂದ ಗಾಜಿಗೆ ಬೆರಳಿನಿಂದ ಟಕಟಕ ಬಡಿದು ಕೈ ಎತ್ತಿದಳು. ಅವಳು ನಿಂತಿದ್ದದ್ದು ಭಾವನ ಎಡಕ್ಕೆ. ಭಾವನಿಗೆ ದೊಡ್ಡಸ್ತಿಕೆ ಎಷ್ಟಿದ್ದರೂ ಯಾರಾದರೂ ಮಾತಾಡಿಸಿದರೆ ತಿರುಗಿ ನೋಡದೆ ಹೋದವನಲ್ಲ. ಅವನು ಕತ್ತು ಎಡಕ್ಕೆ ಹೊರಳಿಸಿ ಅವಳತ್ತ ತಲೆ ಬಾಗಿಸಿದ.

ಸಿಳ್ಳೆ ಅರ್ಧಕ್ಕೇ ನಿಂತಿತು.

ಬಾಮೈದ ನೋಡುವಷ್ಟರಲ್ಲಿ ಭಾವನ ಕೈಯಿಂದ ಒರೆಸುವ ಪಟ್ಟಿ ಜಾರಿ ಅದರ ದಾರದಲ್ಲಿ ತೂಗಾಡುತ್ತಿತ್ತು. ಅವನ ಕಣ್ಣುಗುಡ್ಡೆ ಒಂದೇ ಸಮನೆ ಪಕ್ಕಕ್ಕೆ ಜಗ್ಗುತ್ತಿದ್ದವು. ಬಾಯಿಂದ ಹಳದಿ ನೀರು ಬಂತು. "ಬಿಲ್ಡಿಂಗ್ ಬೀಳ್ತಿದೆ," ಎಂದ ಅವನು ಮಗುವಿನ ದನಿಯಲ್ಲಿ. "ಬೀಳ್ತಿದೆ ಕಣೋ, ನಮ್ಮ ಮೇಲೇ ಬೀಳ್ತಿದೆ!" ಕಟ್ಟಡದಿಂದ ತಪ್ಪಿಸಿಕೊಳ್ಳಲು ಅವನು ಇಳಿಯುವ ಹಿಡಿಯನ್ನು ಗಟ್ಟಿಯಾಗಿ ಅಮುಕಿದ. ಆ ಹಿಡಿಯ ಸ್ವಭಾವವೇ ಹಾಗೆ, ಅಮುಕಿದರೆ ಹಗ್ಗ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಭಾವ ಸರ್ರನೆ ಕೆಳಗೆ ಜಾರಿದ. ಕಾವಲು ಹಗ್ಗ ಟಪ್ಪೆಂದು ಹಿಡಿದು ಅವನನ್ನು ಗಾಜಿಗೆ ಅಪ್ಪಳಿಸಿತು.

ಬಾಮೈದನೂ ಅಷ್ಟು ಇಳಿದು ನೋಡಿದಾಗ ಭಾವನ ಬಲಗೈ ಇನ್ನೂ ಹಿಡಿಯನ್ನು ಅಮುಕಿಕೊಂಡೇ ಇತ್ತು. ಎಡಗೈ ಎದೆಯ ಮೇಲೆ ಹುಡುಕಾಡುತ್ತಿತ್ತು. ಅಲ್ಲಿದ್ದದ್ದು ಕಾವಲು ಹಗ್ಗದ ಕೊಂಡಿ. ಬೆರಳುಗಳು ಆ ಕೊಂಡಿಯ ತಿರುಪನ್ನು ಬಿಚ್ಚುತ್ತಿದ್ದವು.

"ಭಾವ! ಅದನ್ನ ಬಿಡಿ! ಕೈ ತೆಗೀರಿ!"

"ಇದೇ ಕಣೋ ನನ್ನ ತಿರುಗಿಸ್ತಿರೋದು! ತಲೆಕೆಳಗಾಗಿದ್ದೀನಿ! ಬಿಚ್ಚೋ ಇದನ್ನ!"

ಕೊಂಡಿ ಬಿಚ್ಚಿಕೊಂಡರೆ ಭಾವನನ್ನು ಹಿಡಿಯುವಂಥದ್ದು ಇನ್ನೇನೂ ಇಲ್ಲ. ಅಮುಕಿದ ಕೈಯ ಜೊತೆ ನೇರ ರಸ್ತೆಗೆ. ಗಾಜಿನಾಚೆ ಕೆಳ ಅಂತಸ್ತಿನಲ್ಲಿ ಯಾರೋ ಬೆನ್ನು ಹಾಕಿಕೊಂಡು ಫೋನಿನಲ್ಲಿ ನಗುತ್ತಿದ್ದರು. ಬಾಮೈದನ ಹೆಬ್ಬೆರಳು ಎದೆಗೆ ಕಟ್ಟಿದ ವಾಕಿಟಾಕಿಯ ಮೇಲೆ ಬಂತು. ಆ ಗಳಿಗೆಯಲ್ಲೂ ಅವನ ನಾಲಿಗೆಗೆ ಸಲೀಸಾಗಿ ಬಂದದ್ದು ಸುಳ್ಳೇ. ಅಭ್ಯಾಸ ಅನ್ನುವುದು ಎಷ್ಟು ಕೆಟ್ಟದ್ದು ನೋಡಿ.

"ಮೇಡಂ, ಭಾವನ ಹಗ್ಗ... ಹಗ್ಗ ಸಿಕ್ಕಾಕೊಂಡಿದೆ."

"ಹಗ್ಗ ಸಿಕ್ಕಿದೆಯಾ, ಮನುಷ್ಯನಿಗೆ ಹುಷಾರಿಲ್ವಾ?" ಆಕೆಯ ದನಿ ಕೂಡಲೇ ಬಂತು. "ಇಲ್ಲಿಂದ ನನಗೇನೂ ಕಾಣಲ್ಲ. ಹಗ್ಗ ಸಿಕ್ಕಿದ್ರೆ ಮೇಲಕ್ಕೆ ಎಳೀಬೇಕು. ಹುಷಾರಿಲ್ದಿದ್ರೆ ಕೆಳಗೆ ಬಿಡ್ಬೇಕು. ತಪ್ಪು ಹೇಳಿದ್ರೆ ಹೋಗ್ತಾರೆ ಅವರು. ಯಾವುದು?"

ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ತಿರುಪು ಇನ್ನೊಂದು ಸುತ್ತು ಸಡಿಲವಾಯಿತು.

"ತಲೆ ತಿರುಗ್ತಿದೆ ಅವರಿಗೆ!" ಎಂದು ಅವನು ಕಿರುಚಿದ. "ತುಂಬಾ ದಿನದಿಂದ ಇದೆ ಮೇಡಂ! ಕಾವಲು ಕೊಂಡಿ ಬಿಚ್ತಿದ್ದಾರೆ! ಕೆಳಗೆ ಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ, ಬೇಗ ಬಿಡಿ!"

ಆಕೆ ಕೇಳಿದ್ದು ಒಂದೇ ಮಾತು.

"ನಿನ್ನ ಕೈಗೆ ಸಿಗ್ತಾರಾ ಅವರು?"

"ನೋಡ್ತೀನಿ."

"ನೋಡ್ಬೇಡ. ಹಿಡ್ಕೋ. ಹಿಡ್ಕೊಂಡೆ ಅಂದ ಮೇಲೆ ನಾನು ಬೀಗ ತೆಗೀತೀನಿ. ನೀನು ಹೇಳಿದ್ದನ್ನೇ ನಾನು ನಂಬೋದು, ಬೇರೆ ದಾರಿ ಇಲ್ಲ ನನಗೆ."

ಬಾಮೈದ ಗಾಜಿಗೆ ಕಾಲು ಕೊಟ್ಟು ಪಕ್ಕಕ್ಕೆ ಚಿಮ್ಮಿದ. ಮೊದಲ ಸಲ ಕೈಗೆ ಬರೀ ಗಾಳಿ ಸಿಕ್ಕಿತು. ಸೋಪುನೀರಿಗೆ ಕಾಲು ಜಾರಿ ಮೊಣಕಾಲು ಗಾಜಿಗೆ ಬಡಿಯಿತು. ಮತ್ತೆ ಚಿಮ್ಮಿದಾಗ ಭಾವನ ತೊಡೆಯ ಪಟ್ಟಿ ಬೆರಳಿಗೆ ಸಿಕ್ಕಿತು. ಅದನ್ನು ಜಗ್ಗಿ ಹತ್ತಿರವಾಗಿ, ತಿರುಪಿನ ಮೇಲಿದ್ದ ಭಾವನ ಕೈಯನ್ನು ಕಿತ್ತು, ಅಲ್ಲಿ ತನ್ನ ಅಂಗೈ ಮುಚ್ಚಿದ. ಭಾವ ಅವನ ಮುಖಕ್ಕೆ ಹೊಡೆದ. ಕೆಲಸ ಕಲಿಸುವಾಗಲೂ ಕೈ ಎತ್ತಿರದಿದ್ದ ಭಾವ, ಈಗ ಮೂಗು ಮುಸುಡಿ ನೋಡದೆ ಹೊಡೆಯುತ್ತಿದ್ದ. "ಬಿಡೋ, ಸಾಯ್ತೀನಿ, ಬಿಡೋ!"

"ಹಿಡ್ಕೊಂಡೆ ಮೇಡಂ!"

ಮೇಲೆ ಎರಡು ಗಾಲಿಗಳ ಬೀಗ ಒಟ್ಟಿಗೇ ತೆರೆದವು. ಕೆಲಸದ ಹಗ್ಗ ಮೇಸ್ತ್ರಿಯ ಕೈಯಲ್ಲಿ, ಕಾವಲು ಹಗ್ಗ ಮೇಡಂ ಕೈಯಲ್ಲಿ. ಯಾರನ್ನು ಶಪಿಸುತ್ತ ಹೊತ್ತು ತಂದಿದ್ದರೋ ಆಕೆಯ ಹಗ್ಗ ಸುರುಳಿ ಬಿಚ್ಚಿಕೊಂಡು ಹರಿಯತೊಡಗಿತು. ಭಾವ ಇಳಿದ ಹಾಗೆ ಬಾಮೈದ ಒಂದು ಕೈಯಲ್ಲಿ ತನ್ನ ಹಿಡಿ ಅಮುಕಿ ಬಿಡುತ್ತ ಸರಿಸಮನಾಗಿ ಇಳಿಯಬೇಕು. ತುಸು ಬೇಗವಾದರೆ ಭಾವ ಕೈತಪ್ಪುತ್ತಾನೆ, ತುಸು ತಡವಾದರೂ ಅಷ್ಟೇ. "ನಿಧಾನ... ಇನ್ನೂ ನಿಧಾನ... ಹಾಂ, ಬಿಡಿ" ಎಂದು ಅವನು ವಾಕಿಟಾಕಿಯ ಗುಂಡಿಯನ್ನು ಗಲ್ಲದಿಂದ ಒತ್ತಿಕೊಂಡು ಹೇಳುತ್ತ ಹೋದ. ಅವನು ಹೇಳಿದ್ದನ್ನೆಲ್ಲ ಮೇಲಿನ ಹಗ್ಗ ಕೇಳುತ್ತ ಹೋಯಿತು. ಬೆಳಿಗ್ಗೆ ಕಣ್ಣೆದುರು ಸುಳ್ಳಾಡಿದವನ ಮಾತನ್ನು ಆಕೆ ಈಗ ಕಣ್ಣು ಮುಚ್ಚಿ ನಂಬಿದ್ದಳು. ಅದು ಅವನಿಗೆ ಎತ್ತರಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ನೆಲ ಮುಟ್ಟಿದಾಗ ಭಾವ ಕಲ್ಲುಹಾಸನ್ನು ಎರಡೂ ಕೈಯಿಂದ ತಬ್ಬಿ ಬೋರಲು ಮಲಗಿದ. ನೆಲಗಡಲೆಗಳು ಓಡಿ ಬಂದು ಪಟ್ಟಿ ಬಿಚ್ಚಿದರು, ಬಾಯಿ ಒರೆಸಿದರು. ಅವರಲ್ಲಿ ಒಬ್ಬನೂ ಚುಡಾಯಿಸಲಿಲ್ಲ. ಕಾವಲು ಕೊಂಡಿಯ ತಿರುಪು ಪೂರ್ತಿ ಬಿಚ್ಚಿತ್ತು. ಬಾಮೈದನ ಅಂಗೈಯಲ್ಲಿ ಅದರ ಗುರುತು ಅಚ್ಚೊತ್ತಿತ್ತು.

ಮೇಡಂ ಬಂದಳು, ಹಿಂದೆ ಮೇಸ್ತ್ರಿ. ಆಕೆಯ ಎರಡೂ ಅಂಗೈ ಹಗ್ಗ ಉಜ್ಜಿ ಕೆಂಪಾಗಿದ್ದವು. ಭಾವನನ್ನು ಆಸ್ಪತ್ರೆಯ ವ್ಯಾನಿಗೆ ಹತ್ತಿಸಿದಳು. ಆಮೇಲೆ ಬಾಮೈದನ ಎದುರು ಬಂದು ನಿಂತಳು.

"ತುಂಬಾ ದಿನದಿಂದ ಅಂದೆ."

"ಹೂಂ ಮೇಡಂ."

"ಹಾಗಾದ್ರೆ ಬೆಳಿಗ್ಗೆ ನಾನು ಹಣೆ ಮುಟ್ಟಿ ನೋಡಿದ್ದು ಯಾರದ್ದು?"

"ನನ್ನದು."

ಬೈಯುತ್ತಾಳೆ ಎಂದುಕೊಂಡಿದ್ದ, ಹೊಡೆದರೂ ಸರಿಯೇ ಎಂದುಕೊಂಡಿದ್ದ. ಆಕೆ ಅಲ್ಲೇ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಸಿದು ಕೂತಳು. ಕೈ ನಡುಗುತ್ತಿದ್ದವು. ನಿಲ್ಲಿಸಲೆಂದು ಮೊಣಕಾಲ ನಡುವೆ ಒತ್ತಿಟ್ಟುಕೊಂಡಳು.

"ನಾನು ಹುಡುಗ್ರ ಹತ್ರ ಆಗ್ಲೇ ಹೇಳಿದ್ದೆ ಮೇಡಂ," ಎಂದ ಮೇಸ್ತ್ರಿ. ಅವನ ದನಿಯಲ್ಲಿ ಗೆದ್ದವನ ಗತ್ತೇನೂ ಇರಲಿಲ್ಲ. "ನೀವು ಕೇಳಿದ್ದಕ್ಕೇ ಇವರು ಮುಚ್ಚಿಟ್ಟಿದ್ದು. ಇದ್ದದ್ದು ಇದ್ದಂಗೆ ಹೇಳಿದ್ರೆ ನೆಲಕ್ಕೆ ಹಾಕ್ತೀರಿ. ಹೇಳೋನು ಯಾವನು?"

"ಕೇಳದೆ ಇದ್ದಿದ್ರೆ?"

"ಕೇಳದೆ ಇದ್ದಿದ್ರೂ ಹತ್ತುತ್ತಿದ್ದ. ಅದೂ ನಿಜ."

"ನೀವು ಸತ್ಯ ಹೇಳ್ತೀರಿ ಅಂತ ನಂಬಿದ್ದಿದ್ರೆ ಅಷ್ಟು ಹಗ್ಗ ಯಾಕೆ ಹೊರಿಸ್ತಿದ್ದೆ ಮೇಸ್ತ್ರಿ? ಆದ್ರೆ ಹಣೆ ಮುಟ್ಟಿದಾಗ ನಂಬಿಬಿಟ್ಟೆ," ಎಂದಳು ಆಕೆ. ಆಮೇಲೆ ಎದ್ದು ಹೋದಳು.

ಸಾಯಂಕಾಲ ಆಸ್ಪತ್ರೆಯ ಓಣಿಯಲ್ಲಿ ಅಕ್ಕ ಸಿಕ್ಕಳು. ಭಾವನಿಗೆ ಕಿವಿಯೊಳಗಿನ ತೊಂದರೆ, ಗುಣವಾಗುವಂಥದ್ದೇ, ಆದರೆ ಸದ್ಯಕ್ಕೆ ಎತ್ತರ ಹತ್ತಕೂಡದು ಎಂದು ವೈದ್ಯರು ಹೇಳಿದ್ದರು. ಅಕ್ಕ ಅಳಲಿಲ್ಲ. ತಮ್ಮನ ಊದಿದ ಮೂಗನ್ನು ಒಮ್ಮೆ ನೋಡಿದಳು, ಅವನು ಮೈಮುದುಡಿಕೊಂಡು ನಿಂತ.

"ಅವರ ಬದಲು ನೀನು ನಿಂತ್ಯಂತೆ."

"ಅಕ್ಕಾ, ಅವರೇ ಆಣೆ ಹಾಕ್ಸಿದ್ರು..."

"ಬೀಳೋದಾಗಿದ್ರೆ? ಅದಕ್ಕೂ ಅವರ ಬದಲು ನೀನೇ ಬೀಳ್ತಿದ್ಯಾ?"

ಅಷ್ಟು ಕೇಳಿ ಅವಳು ಗಂಡನ ಹತ್ತಿರ ಹೋದಳು.

ಭಾವ ಮನೆಗೆ ಬಂದ. ಬಾಮೈದನ ಜೊತೆ ಮಾತು ಬಿಟ್ಟ. ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಇವನ ಮೀಸೆಗೆ ಮಣ್ಣಾದದ್ದನ್ನು ಇಡೀ ತಂಡ ನೋಡಿತ್ತು. "ಎರಡು ಗಳಿಗೆ ತಾಳಿದ್ರೆ ಸರಿಹೋಗ್ತಿತ್ತು, ಊರಿಗೆಲ್ಲ ಕೂಗಿ ಹೇಳ್ದ" ಎಂದು ಹೆಂಡತಿಯ ಹತ್ತಿರ ಒಂದು ಸಲ ಅಂದು ನೋಡಿದ. ಅವಳು ಹಿಡಿದಿದ್ದ ಪಾತ್ರೆಯನ್ನು ನೆಲಕ್ಕೆ ಕುಕ್ಕಿದ ಸದ್ದಿಗೆ ಮತ್ತೆ ಅನ್ನಲಿಲ್ಲ. ಕೆಲಸಕ್ಕೆ ಮರಳಿದಾಗ ಅವನನ್ನು ನೆಲಕ್ಕೆ ಹಾಕಿದರು. ಹಳದಿ ಪಟ್ಟಿಯ ಹೆಲ್ಮೆಟ್ಟು ಹಾಗೇ ಇರಲಿ ಎಂದು ಮೇಡಂ ಹೇಳಿದಳು. ಬಾಮೈದನ ಹಗ್ಗದ ತುದಿ ಹಿಡಿಯುವ ಕೆಲಸ ಭಾವನ ಪಾಲಿಗೆ ಬಂತು.

ಬಾಮೈದ ಕೂಡ ಆ ಘಟನೆಯ ನಂತರ ಹಗ್ಗ ಮುಟ್ಟಿರಲಿಲ್ಲ, ಮೊಣಕಾಲಿನ ಪೆಟ್ಟಿನ ನೆಪ ಇತ್ತು. ಪೆಟ್ಟು ಮಾಗಿತು. ಮತ್ತೆ ಹತ್ತುವ ಬೆಳಿಗ್ಗೆ ಅಂಗಳದಲ್ಲಿ ಎಲ್ಲರೂ ಸಾಲಾಗಿ ನಿಂತರು. ಪರೀಕ್ಷೆ ಈಗ ನೆಲದ ಮೇಲೇ, ಬಯಲಿನಲ್ಲೇ, ಮಾಸ್ಕಿಲ್ಲದೆ, ಹೆಲ್ಮೆಟ್ಟು ಕೈಯಲ್ಲಿ ಹಿಡಿದು. ನೆಲಕ್ಕೆ ಹೋದವನು ಗುಣವಾದರೆ ಮತ್ತೆ ಹಗ್ಗಕ್ಕೆ ಬರಬಹುದು ಎಂದೂ ಕಟ್ಟಳೆ ಬದಲಾಗಿತ್ತು. ಕೇಳುವ ರೀತಿಯನ್ನೂ ಮೇಡಂ ಬದಲಾಯಿಸಿದ್ದಳು. ನೀನು ಹೇಗಿದ್ದೀಯ ಎಂದು ಕೇಳುವುದನ್ನು ಬಿಟ್ಟು, ಹತ್ತುವವನ ಜೊತೆಗಾರನನ್ನು ಕೇಳುತ್ತಿದ್ದಳು. ಅವನು ಹೂಂ ಅಂದರೆ ಮಾತ್ರ ಇವನು ಹತ್ತಬೇಕು.

ಬಾಮೈದನ ಸರದಿ ಬಂತು. ಕಣ್ಣು ಮುಚ್ಚಿದ, ಕಾಲೆತ್ತಿದ. ಕಣ್ಣು ಮುಚ್ಚಿದ ಕೂಡಲೇ ಎಂದಿನ ಹಾಗೆ ಆ ತಿರುಪು ಕಂಡಿತು, ಅದರ ಮೇಲೆ ತಿರುಗುವ ಬೆರಳು ಕಂಡವು. ಮೇಲೆ ನೋಡದಿದ್ದರಾಯಿತು, ಕೆಳಗೆ ನೋಡದಿದ್ದರಾಯಿತು, ಯಾರಿಗೂ ತಿಳಿಯುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಕಾಲು ಕಂಬದ ಹಾಗೆ ನಿಂತಿತು.

"ಯಜಮಾನ್ರೇ," ಎಂದು ಮೇಡಂ ಭಾವನ ಕಡೆ ತಿರುಗಿದಳು. "ನಿಮ್ಮ ಬಾಮೈದ ಹೇಗಿದ್ದಾನೆ? ಹತ್ತಿಸ್ಲಾ?"

ಭಾವನಿಗೆ ಇದ್ದ ಸಿಟ್ಟು ಎಲ್ಲರಿಗೂ ಗೊತ್ತು. ಬಾಮೈದ ಕಣ್ಣು ತೆರೆದ. ಹೂಂ ಅಂದುಬಿಡಲಿ, ಬೇಗ ಹತ್ತಿ ಬೇಗ ಇಳಿದು ಮುಗಿಸಿಬಿಡುತ್ತೇನೆ ಎಂದು ಅವನ ಬಾಯಿ ಆಗಲೇ "ಚೆನ್ನಾಗಿದ್ದೀನಿ" ಎನ್ನಲು ಅಣಿಯಾಗಿತ್ತು.

ಭಾವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ನೇರವಾಗಿ ನೋಡಿದ್ದು.

"ನಿಲ್ಲೋದೇನು, ನಿಲ್ತಾನೆ ಮೇಡಂ. ಒಂಟಿ ಕಾಲಲ್ಲಿ ಸಂಜೆವರೆಗೂ ನಿಲ್ತಾನೆ. ಅದರಲ್ಲಿ ಅವನು ಒಬ್ಬನೇ ಇಬ್ಬರ ಸಮ," ಎಂದ. ಯಾರೋ ಕಿಸಕ್ಕೆಂದು ನಕ್ಕು ಸುಮ್ಮನಾದರು. "ಆದ್ರೆ ಹತ್ತಿಸ್ಬೇಡಿ."

"ಯಾಕೆ?"

"ನಿದ್ದೇಲಿ ಕೂಗ್ತಾನೆ. ಅನ್ನ ಕಲಸಿ ಹಾಗೇ ಬಿಟ್ಟು ಏಳ್ತಾನೆ. ಇವತ್ತು ಬೆಳಿಗ್ಗೆ ಮನೆ ಮೆಟ್ಟಿಲು ಇಳಿಯೋವಾಗ ಕಂಬಿ ಹಿಡ್ಕೊಂಡು ಇಳಿದ. ನಾನು ಹಿಂದೇನೇ ಇದ್ದೆ, ನೋಡ್ದೆ." ಭಾವ ಮೇಡಂ ಕಡೆ ತಿರುಗಿದ. "ಹೆದರಿಕೊಂಡಿದ್ದಾನೆ ಮೇಡಂ. ತುಂಬಾ ಹೆದರಿಕೊಂಡಿದ್ದಾನೆ. ಇವತ್ತು ಬೇಡ."

ಬಾಮೈದ ಎತ್ತಿದ ಕಾಲನ್ನು ಇನ್ನೂ ಇಳಿಸಿರಲಿಲ್ಲ. ಭಾವ ಹತ್ತಿರ ಬಂದು ಅವನ ಕೈಯಲ್ಲಿದ್ದ ಹೆಲ್ಮೆಟ್ಟನ್ನು ತೆಗೆದುಕೊಂಡ, ಇನ್ನೊಂದು ಕೈಯಿಂದ ಅವನ ತೋಳು ಹಿಡಿದ.

"ಕಾಲು ಕೆಳಗಿಡೋ," ಎಂದ.